ಹೇಸರಗತ್ತೆಯ ಗಾಡಿ, 11 ವಾರ

ಒಂಬತ್ತನೇ ದಿನ ಬೆಳಿಗ್ಗೆ ಬೂದಿಯ ಎಡ ಹೆಗಲ ಮೇಲೆ ಕೈ ಆಡಿಸುವಾಗ ಒಂದು ಜಾಗ ಬಿಸಿಯಾಗಿತ್ತು. ಕೂದಲು ಮೇಲೆದ್ದು ನಿಂತಿತ್ತು, ಅಷ್ಟೇ. ಗಾಯವಿಲ್ಲ, ರಕ್ತವಿಲ್ಲ. ಇವತ್ತೊಂದು ದಿನ ನಡೆಸಿಬಿಡೋಣ, ನಾಳೆ ಹೇಗೂ ವಿಶ್ರಾಂತಿ ಇದೆಯಲ್ಲ ಅಂದುಕೊಂಡೆ. ಆ ಒಂದು ದಿನದ ಆಸೆಗೆ ಆರು ದಿನ ತೆತ್ತೆ.

ಬೂದಿ ನನ್ನ ಹೇಸರಗತ್ತೆ. ಬಣ್ಣವೂ ಬೂದಿ, ಹೆಸರೂ ಅದೇ. 12 ವರ್ಷದ ಹೆಣ್ಣು, ತೂಕ ಸುಮಾರು 420 ಕೆ.ಜಿ. ಗಾಡಿ, ಸಾಮಾನು, ನೀರು ಎಲ್ಲ ಸೇರಿ 380 ಕೆ.ಜಿ. ಮೀರದಂತೆ ನೋಡಿಕೊಂಡಿದ್ದೆ. ಸಮತಟ್ಟಾದ ಗಟ್ಟಿ ರಸ್ತೆಯಲ್ಲಿ ಅವಳು ಇನ್ನೂ ಹೆಚ್ಚು ಎಳೆಯಬಲ್ಲಳು, ನಿಜ. ಆದರೆ ರಸ್ತೆ ಸಮತಟ್ಟಾಗಿ, ಗಟ್ಟಿಯಾಗಿ ಇರುವುದು ಲೆಕ್ಕ ಹಾಕುವ ಕಾಗದದ ಮೇಲೆ ಮಾತ್ರ.

ಹೆಗಲಿನ ವಿಷಯಕ್ಕೆ ಬರುತ್ತೇನೆ. ಸಂಜೆ ಕೊರಳಪಟ್ಟಿ ತೆಗೆದಾಗ ಆ ಬಿಸಿ ಜಾಗದ ಚರ್ಮ ಸುಲಿದಿತ್ತು. ಮೊದಲು ಕೊರಳಪಟ್ಟಿಯನ್ನೇ ಬೈದೆ. ಕುದುರೆಯದ್ದನ್ನು ಹೇಸರಗತ್ತೆಗೆ ಹಾಕಿದರೆ ಹೀಗಾಗುವುದುಂಟು. ಅವುಗಳ ಕೊರಳು, ಹೆಗಲು ಎರಡೂ ಕಿರಿದು. ಆದರೆ ನನ್ನದು ಅಳತೆ ಕೊಟ್ಟು ಮಾಡಿಸಿದ್ದು. ಗಂಟಲ ಕೆಳಗೆ ನಾಲ್ಕು ಬೆರಳು ಚಪ್ಪಟೆಯಾಗಿ ತೂರುತ್ತಿದ್ದವು, ಪಕ್ಕದಲ್ಲಿ ಸಡಿಲವಿರಲಿಲ್ಲ. ತಪ್ಪು ಸಿಕ್ಕಿದ್ದು ಹಿಂದೆ, ಗಾಡಿಯ ಹತ್ತಿರ. ಎಳೆಹಗ್ಗಗಳನ್ನು ಸಿಕ್ಕಿಸುವ ಅಡ್ಡಮರ ನಡುವಿನ ಬೋಲ್ಟ್ ಮೇಲೆ ಸಲೀಸಾಗಿ ಆಡಬೇಕು. ಪ್ರಾಣಿ ಬಲ ಹೆಗಲು ಮುಂದಿಟ್ಟಾಗ ಒಂದು ತುದಿ, ಎಡ ಹೆಗಲಿಗೆ ಇನ್ನೊಂದು ತುದಿ. ಹೊರಡುವ ಮುನ್ನ ಕಿರಗುಟ್ಟುತ್ತದೆ ಎಂದು ನಾನೇ ಆ ಬೋಲ್ಟನ್ನು ಬಿಗಿ ಮಾಡಿದ್ದೆ. ಅಡ್ಡಮರ ಆಡದಿದ್ದರೆ ಆ ಅಲುಗಾಟವೆಲ್ಲ ಕೊರಳಪಟ್ಟಿಗೆ ಬರುತ್ತದೆ. ಅದು ಪ್ರತಿ ಹೆಜ್ಜೆಗೂ ಗರಗಸದ ಹಾಗೆ ಹೆಗಲನ್ನು ಉಜ್ಜುತ್ತದೆ. ದಿನಕ್ಕೆ 20 ಕಿ.ಮೀ. ಅಂದರೆ ಎಷ್ಟು ಹೆಜ್ಜೆ, ನೀವೇ ಎಣಿಸಿ.

ಬೋಲ್ಟ್ ಸಡಿಲಿಸಿ ಕೀಲೆಣ್ಣೆ ಹಾಕಿದೆ. ಉಪ್ಪುನೀರಲ್ಲಿ ಗಾಯ ತೊಳೆದು ಗಾಳಿಗೆ ಬಿಟ್ಟೆ. ಕೊರಳಪಟ್ಟಿಯ ಒಳಗೆ ದಪ್ಪ ಉಣ್ಣೆಯ ಮೆತ್ತೆ ಸೇರಿಸಿ, ಗಾಯ ಬರುವ ಜಾಗದಲ್ಲಿ ತೂತು ಕತ್ತರಿಸಿದೆ. ಆರು ದಿನ ಅಲ್ಲೇ ಬೀಡುಬಿಟ್ಟೆವು. ಆಮೇಲಿನ ವಾರಗಳಲ್ಲಿ ನನ್ನ ಬೆಳಗಿನ ಮೊದಲ ಕೆಲಸ ಹೆಗಲು ಮುಟ್ಟಿ ನೋಡುವುದು, ರಾತ್ರಿಯ ಕೊನೆಯ ಕೆಲಸವೂ ಅದೇ. ಕಣ್ಣಿಗಿಂತ ಅಂಗೈ ಒಂದು ದಿನ ಮುಂಚೆ ಹೇಳುತ್ತದೆ.

ವೇಗದ ಬಗ್ಗೆ ಎಲ್ಲರೂ ಕೇಳುತ್ತಾರೆ. ಗಂಟೆಗೆ 5 ಕಿ.ಮೀ., ಅಷ್ಟೇ. ವಾರದಲ್ಲಿ ಐದು ದಿನ ನಡಿಗೆ, ಎರಡು ದಿನ ಮೇವು. ಬೆಳಕು ಹರಿಯುವ ಹೊತ್ತಿಗೆ ಹೂಡಿದರೆ ಬಿಸಿಲು ಏರುವ ಮೊದಲೇ ಅವತ್ತಿನ ದಾರಿ ಮುಗಿಯುತ್ತಿತ್ತು. ಮೊದಲ ಒಂದು ಕಿ.ಮೀ. ನಾನು ಪಕ್ಕದಲ್ಲೇ ನಡೆಯುತ್ತಿದ್ದೆ, ಏರಿನಲ್ಲೂ ನಡೆಯುತ್ತಿದ್ದೆ. ಏರಿನಲ್ಲಿ ನಿಲ್ಲಿಸಿದಾಗ ಗಾಲಿಯ ಹಿಂದೆ ಕಲ್ಲು ಕೊಡದಿದ್ದರೆ ಅದು ವಿಶ್ರಾಂತಿಯೇ ಅಲ್ಲ, ಗಾಡಿಯ ಭಾರ ಹೆಗಲ ಮೇಲೇ ಇರುತ್ತದೆ. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸುತ್ತಿದ್ದೆ. 60ಕ್ಕಿಂತ ಕೆಳಗೆ ಇಳಿಯುವವರೆಗೆ ಮುಂದಿನ ಹೆಜ್ಜೆ ಇಲ್ಲ.

ಏರು ಕಷ್ಟ ಅಂದುಕೊಂಡು ಹೊರಟವನು ನಾನು. ಭಯ ಹುಟ್ಟಿಸಿದ್ದು ಇಳಿಜಾರು. ಗಾಡಿ ಹಿಂದಿನಿಂದ ತಳ್ಳುವಾಗ ಅದನ್ನು ತಡೆಯುವುದು ತೊಡೆಯ ಹಿಂದೆ ಹಾಯುವ ಅಗಲ ಪಟ್ಟಿ. ಅದು ಜೋತುಬಿದ್ದಿದ್ದರೆ ಗಾಡಿ ಓಡಿಬಂದು ಪೃಷ್ಠಕ್ಕೆ ಬಡಿಯುತ್ತದೆ. ಬ್ರೇಕನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು, ನಡುವೆ ಅಲ್ಲ.

ನೀರು. ಸಾಮಾನ್ಯ ದಿನಕ್ಕೆ 25 ಲೀಟರ್, ಸೆಕೆ ಇದ್ದರೆ 40ರ ಹತ್ತಿರ. ನಕ್ಷೆಯಲ್ಲಿ ನಾನು ಗುರುತು ಹಾಕುತ್ತಿದ್ದುದು ಊರುಗಳಿಗಲ್ಲ, ನೀರಿಗೆ. ಇಷ್ಟಾದರೂ ಸಮಸ್ಯೆ ಮುಗಿಯಲಿಲ್ಲ, ಹೊಸ ಜಾಗದ ನೀರನ್ನು ಅವಳು ಮೂಸಿ ಮುಖ ತಿರುಗಿಸುತ್ತಿದ್ದಳು. ಹೊರಡುವ ಎರಡು ವಾರ ಮೊದಲಿನಿಂದಲೂ ಬಕೆಟ್ಟಿಗೆ ಒಂದು ಹಿಡಿ ಗೋಧಿ ಬೂಸಾ ಹಾಕಿ ಕುಡಿಸುವ ರೂಢಿ ಮಾಡಿದ್ದು ಆಗ ಕೆಲಸಕ್ಕೆ ಬಂತು. ಎಲ್ಲಿಯ ನೀರಾದರೂ ಅದೇ ವಾಸನೆ.

ಇನ್ನು ಹಠ. ಹೇಸರಗತ್ತೆ ಅಪಾಯದ ವಾಸನೆ ಹಿಡಿದು ನಿಲ್ಲುತ್ತದೆ, ಅದು ನಿಂತರೆ ಕಾರಣವಿದ್ದೇ ಇರುತ್ತದೆ ಎಂಬ ಕತೆಗಳನ್ನು ಕೇಳಿರುತ್ತೀರಿ. ಒಂದು ಸಣ್ಣ ಸೇತುವೆಯ ತುದಿಯಲ್ಲಿ ಬೂದಿ ಮೂರು ಗಂಟೆ ನಿಂತಳು. ಸೇತುವೆ ಕಲ್ಲಿನಂತೆ ಗಟ್ಟಿಯಾಗಿತ್ತು, ಅಷ್ಟು ಹೊತ್ತಿನಲ್ಲಿ ಎರಡು ಲಾರಿಗಳೂ ದಾಟಿದವು. ಅವಳಿಗೆ ಬೇಡವಾದದ್ದು ರಸ್ತೆಗೆ ಅಡ್ಡ ಬಳಿದಿದ್ದ ಬಿಳಿ ಪಟ್ಟೆ. ಬೆದರಿದ ಕುದುರೆ ಸಾಮಾನ್ಯವಾಗಿ ಓಡಲು ನೋಡುತ್ತದೆ. ಇದು ನೆಲಕ್ಕೆ ನೆಟ್ಟ ಹಾಗೆ ನಿಂತು ಯೋಚಿಸುತ್ತದೆ, ಹೊಡೆದರೆ ಯೋಚನೆ ಮತ್ತೆ ಮೊದಲಿನಿಂದ ಶುರು. ಗಾಡಿ ಬಿಚ್ಚಿದೆ. ಪಟ್ಟೆಯ ಮೇಲೆ ಎರಡು ಬುಟ್ಟಿ ಮಣ್ಣು ಹರಡಿದೆ. ಗಾಡಿಯಿಲ್ಲದೆ ಅವಳನ್ನೊಬ್ಬಳನ್ನೇ ಹಗ್ಗ ಹಿಡಿದು ನಾಲ್ಕು ಸಲ ಆಚೆ ಈಚೆ ದಾಟಿಸಿದೆ. ಐದನೇ ಸಲ ಗಾಡಿ ಹೂಡಿದಾಗ ಕಿವಿ ಕೂಡ ಅಲ್ಲಾಡಿಸದೆ ನಡೆದಳು. ಆಮೇಲೆ ಬಂದ ಪಟ್ಟೆಗಳನ್ನೆಲ್ಲ ನೋಡಿಯೂ ನೋಡದವಳಂತೆ ದಾಟಿದಳು, ಅದು ಬೇರೆ ಮಾತು.

ಮೊದಲ ನಾಲ್ಕು ರಾತ್ರಿ ಅವಳು ಮಲಗಲೇ ಇಲ್ಲ. ನಿಂತೇ ತೂಕಡಿಸಬಲ್ಲವು, ಆದರೆ ಗಾಢ ನಿದ್ದೆಗೆ ನೆಲ ಹಿಡಿಯಲೇಬೇಕು. ಐದನೇ ಬೆಳಿಗ್ಗೆ ಒಂದು ಪಕ್ಕೆಗೆಲ್ಲ ಹುಲ್ಲು ಅಂಟಿಸಿಕೊಂಡು ಎದ್ದದ್ದು ನೋಡಿ ನನಗೂ ನಿದ್ದೆ ಬರಲು ಶುರುವಾಯಿತು.

ಗಾಡಿ ಕೂಡ ಪ್ರಾಣಿಯೇ. ನನ್ನದು ಮರದ ಗಾಲಿ, ಸುತ್ತ ಕಬ್ಬಿಣದ ಪಟ್ಟಿ. ಒಣಹವೆಗೆ ಮರ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಬಿಗಿ ಇದ್ದಾಗ ಟಣ್ ಎನ್ನುತ್ತದೆ, ಸಡಿಲಾದಾಗ ಡಬ್ ಎನ್ನುತ್ತದೆ. ಏಳನೇ ವಾರ ಡಬ್ ಎಂದಿತು. ರಾತ್ರಿಯಿಡೀ ಗಾಲಿಯನ್ನು ಹಳ್ಳದಲ್ಲಿ ಮುಳುಗಿಸಿಟ್ಟೆ, ಮರ ಊದಿಕೊಂಡು ಬಿಗಿಯಾಯಿತು. ಇದು ನಾಲ್ಕು ದಿನದ ಉಪಾಯ, ರಿಪೇರಿಯಲ್ಲ. ಕೊನೆಗೆ ಪಟ್ಟಿ ಬಿಚ್ಚಿಸಿ, ತುಸು ಕತ್ತರಿಸಿ ಬೆಸೆದು, ಕೆಂಪಗೆ ಕಾಯಿಸಿ ಮತ್ತೆ ಏರಿಸಬೇಕಾಯಿತು. ಕಾದ ಕಬ್ಬಿಣಕ್ಕೆ ನೀರು ಹೊಯ್ದಾಗ ಅದು ಕುಗ್ಗಿ, ಅರೆಕಾಲುಗಳು ಕಟಕಟ ಎಂದು ತಮ್ಮ ಗೂಡಿನಲ್ಲಿ ಕೂರುವ ಸದ್ದು ಕೇಳಲಿಕ್ಕಾದರೂ ಒಮ್ಮೆ ಮರದ ಗಾಲಿ ಇಟ್ಟುಕೊಳ್ಳಬೇಕು. ಎರಡನೇ ಸಲ ಹೊರಡುವುದಾದರೆ ಮಾತ್ರ ನಾನು ರಬ್ಬರ್ ಟೈರನ್ನೇ ಹಾಕುತ್ತೇನೆ.

11 ವಾರಕ್ಕೆ ಸಾವಿರ ಕಿ.ಮೀ.ಗೆ ತುಸು ಕಡಿಮೆ ಆಯಿತು. ಬೂದಿಯ ಹೆಗಲಿನ ಆ ಜಾಗದಲ್ಲಿ ಮತ್ತೆ ಕೂದಲು ಬಂದಿದೆ, ಆದರೆ ಬಿಳಿ. ಹೆಬ್ಬೆರಳ ಉಗುರಿನಷ್ಟಗಲ. ಹೊಸಬರು ನೋಡಿ, ಹುಟ್ಟು ಮಚ್ಚೆಯಾ ಎಂದು ಕೇಳುತ್ತಾರೆ.