ಸಣ್ಣ ಮಂದೆಗೆ ಬೀಜದ ಹೋರಿ: ಹಳ್ಳಿಕಾರ್ ಸಾಕಣೆಯಲ್ಲಿ ನನ್ನ ಅನುಭವ

14 ಹಸುವಿಗೆ ಸ್ವಂತ ಹೋರಿ ಕಟ್ಟೋದು ದಂಡ, ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿದರೆ ಸಾಕು ಅಂತ ಹೇಳದವರೇ ಇರಲಿಲ್ಲ. ಈಗ ಅದೇ ಜನ ಬೆದೆಗೆ ಬಂದ ಹಸು ಹೊಡ್ಕೊಂಡು ನಮ್ಮ ಕೊಟ್ಟಿಗೆ ಮುಂದೆ ನಿಲ್ತಾರೆ. ಕರುವಿಂದ ಕರುವಿಗೆ 20 ತಿಂಗಳು ಎಳೀತಿದ್ದ ಮಂದೆ 14–15 ತಿಂಗಳಿಗೆ ಇಳಿದಿದೆ. ಹಳ್ಳಿಕಾರ್ ಬೆದೆ ಮೆತ್ತಗಿನದು: ಕೂಗು ಕಮ್ಮಿ, ಲೋಳೆ ಕಮ್ಮಿ, ಎಷ್ಟೋ ಸಲ ರಾತ್ರಿ ಬಂದು ಬೆಳಗಾಗೋದರೊಳಗೆ ಇಳಿದಿರುತ್ತೆ. ಸೂಜಿ ಸೋಲೋದು ಹೆಚ್ಚಾಗಿ ಹೊತ್ತು ತಪ್ಪಿ. ಹೋರಿಗೆ ಆ ತೊಂದರೆಯಿಲ್ಲ.

ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ ಜಾತ್ರೆಗೆ ನಾನು ಹೋಗೋದು ಹೋರಿ ನೋಡೋಕೆ ಮಾತ್ರ. ಅಲ್ಲಿ ಕೊಡುವ ದುಡ್ಡು ಕೊಂಬಿಗೆ, ಮೈ ಮಿನುಗಿಗೆ, ಮೈಮೇಲಿನ ಕೂದಲ ಸುಳಿಗೆ. ಜೊತೆಗೆ ಕಾಲುಬಾಯಿ ಜ್ವರ ಹೊತ್ತು ತರುವ ಭಯ ಬೇರೆ. ಖರೀದಿ ಏನಿದ್ದರೂ ತಾಯಿ ಕಟ್ಟಿರುವ ಮನೆಯಲ್ಲೇ. ತಾಯಿ ಎಷ್ಟು ತಿಂಗಳಿಗೊಮ್ಮೆ ಕರು ಹಾಕಿದೆ, ಕರು ಕುಡಿದು ಮಿಕ್ಕ ಹಾಲೆಷ್ಟು, ಮೊಲೆ ನಾಲ್ಕೂ ಸಮವೇ, ಅಕ್ಕತಂಗಿ ಕಡಸುಗಳು ಯಾವಾಗ ಗಬ್ಬ ನಿಂತವು, ಇಷ್ಟು ಕೇಳಿ ಆಮೇಲೆ ಹೋರಿ ಹತ್ತಿರ ಹೋಗ್ತೀನಿ. ಸುಳಿ ಕೆಟ್ಟದು ಅಂತ ಬೆಲೆ ಬಿದ್ದ ಹೋರಿ ನನಗೆ ಲಾಭ. 70 ಸಾವಿರದ ಮಾಲು 48ರ ಆಸುಪಾಸಿಗೆ ಸಿಕ್ಕಿದ್ದು ಹೀಗೇ.

2 ಹಲ್ಲಿನದು, ಅಂದರೆ ಹಾಲುಹಲ್ಲು ಬಿದ್ದು ಮೊದಲ ಎರಡು ಶಾಶ್ವತ ಹಲ್ಲು ಬಂದದ್ದು, ಇನ್ನೂ ಒಂದು ಹಸುವನ್ನೂ ಹಾರದ್ದು ಬೇಕು. ಹಾರಿ ಅಭ್ಯಾಸವಾದ ಹೋರಿ ಅಗ್ಗಕ್ಕೆ ಸಿಗುತ್ತೆ ನಿಜ, ಆದರೆ ಶಿಶ್ನದ ತೊಗಲಿನೊಳಗೆ ಯಾವ ರೋಗ ಹೊತ್ತು ತರುತ್ತೋ ಮೇಲೆ ಕಾಣಲ್ಲ. ಅಂಥ ಹೋರಿ ಬಂದ ಮಂದೆಯಲ್ಲಿ ಹಸುಗಳು 21 ದಿನಕ್ಕೆ ತಿರುಗೋದು ಬಿಟ್ಟು 35, 45 ಅಂತ ಅಡ್ಡಾದಿಡ್ಡಿ ಬೆದೆಗೆ ಬರುತ್ತವೆ. ಅಂದರೆ ಗಬ್ಬ ನಿಂತು ಒಳಗೇ ಕರಗಿದೆ. ಅಷ್ಟು ಹೊತ್ತಿಗೆ ವರ್ಷವೇ ಹೋಗಿರುತ್ತೆ. ಕಂದು ರೋಗಕ್ಕೆ (ಗಬ್ಬ ಇಳಿಸುವ ಬ್ರೂಸೆಲ್ಲೋಸಿಸ್) ರಕ್ತ ಪರೀಕ್ಷೆ ಮುಂಗಡ ಕೊಡುವ ಮೊದಲೇ ಆಗಬೇಕು. ಅದರ ಲಸಿಕೆ 4–8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಹೋರಿಗೆ ಹಾಕಿಸಬಾರದು.

ಬೀಜ, ಅಂದರೆ ವೃಷಣ, ಅಳೆಯೋಕೆ ಟೈಲರ್ ಟೇಪು ಸಾಕು. ಎರಡನ್ನೂ ಮೆಲ್ಲಗೆ ಕೆಳಗೆ ಹಿಡಿದು ಅಗಲವಾದ ಕಡೆ ಸುತ್ತಬೇಕು. 2 ಹಲ್ಲಿಗೆ 26 ಸೆಂ.ಮೀ., 4 ಹಲ್ಲಿಗೆ 30ರ ಹತ್ತಿರ, ಇದು ನನ್ನ ಗೆರೆ. ಒಂದು ಗಟ್ಟಿ ಒಂದು ಮೆದು, ಒಂದು ದೊಡ್ಡದು ಒಂದು ಚಿಕ್ಕದು ಇದ್ದರೆ ಎಷ್ಟು ಚಂದದ ಹೋರಿಯಾದರೂ ಬೇಡ. ಹಿಂಗಾಲು ತೀರಾ ನೆಟ್ಟಗಿದ್ದರೂ ಬೇಡ, ಹಾರುವಾಗ ಭಾರವೆಲ್ಲ ಅಲ್ಲೇ ಬೀಳೋದು.

ಮೇವು: ರಾಗಿ ಹುಲ್ಲು 5–6 ಕೆ.ಜಿ., ಹಸಿ ಜೋಳ ಅಥವಾ ನೇಪಿಯರ್ ಹುಲ್ಲು 10–12, ನೆನೆಸಿದ ಹುರುಳಿ ಅರ್ಧ ಕೆ.ಜಿ., ಕಡಲೆಕಾಯಿ ಹಿಂಡಿ ಅರ್ಧ, ಬೂಸಾ ಮುಕ್ಕಾಲು, ಖನಿಜ ಮಿಶ್ರಣ 50 ಗ್ರಾಂ, ಒಂದು ಹಿಡಿ ಉಪ್ಪು. ಹತ್ತಿಕಾಳು, ಹತ್ತಿ ಹಿಂಡಿ ಬೀಜದ ಹೋರಿಯ ಗೋದಲಿಗೆ ಬರಲೇಬಾರದು. ಅದರಲ್ಲಿರುವ ಗಾಸಿಪೋಲ್ ವೀರ್ಯ ಕೆಡಿಸುತ್ತೆ. ಮೈ ಮಾತ್ರ ಚೆನ್ನಾಗಿ ತುಂಬೋದರಿಂದ ತಪ್ಪು ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ. ಕೊನೆಯ ಎರಡು ಪಕ್ಕೆ ಅರೆಬರೆ ಕಾಣುವಂತೆ ಇಟ್ಟರೆ ಹದ. ಹುರುಳಿಯನ್ನು ಮೊಳಕೆ ಕಟ್ಟಿಸಿ ಹಾಕಿ ನೋಡಿದ್ದೆ, ಚುರುಕು ಬಂತು ಅನ್ನಿಸ್ತು. ಮೊಳಕೆ ಜೊತೆ ಸೇರಿಸುವ ಇನ್ನೊಂದು ವಸ್ತು ಇದೆ, ಅದು ನಮ್ಮ ಕೊಟ್ಟಿಗೆಯಲ್ಲೇ ಇರಲಿ.

ಜ್ವರದ ವಿಷಯ ಬಹಳ ಜನ ಲೆಕ್ಕಕ್ಕೆ ತಗೊಳ್ಳಲ್ಲ. ವೀರ್ಯ ತಯಾರಾಗೋಕೆ ಸುಮಾರು 60 ದಿನ ಬೇಕು. ಕಾಲುಬಾಯಿ, ಚರ್ಮಗಂಟು ಯಾವುದೇ ಬಂದು ಮೈ ಕಾದರೆ ಮುಂದಿನ ಎರಡು ತಿಂಗಳು ಹಾರಿಸಿದ್ದು ಹೆಚ್ಚಾಗಿ ನಿಲ್ಲಲ್ಲ. ಹೋರಿ ಮಾತ್ರ ಎಂದಿನಂತೆ ಹಾರುತ್ತೆ, ಹಸು ಗೊಡ್ಡು ಅಂತ ಹೆಸರು ಬೀಳುತ್ತೆ. ಏಪ್ರಿಲ್–ಮೇ ಬಿಸಿಲಿಗೂ ಇದೇ ಪಾಡು, ಮಧ್ಯಾಹ್ನ ನೆರಳಲ್ಲಿ ಕಟ್ಟಿ ನೀರು ಚಿಮುಕಿಸಬೇಕು.

ಸಣ್ಣ ಮಂದೆಯಲ್ಲಿ ತೊಂದರೆ ಕೆಲಸ ಹೆಚ್ಚಾಗೋದಲ್ಲ, ಕಮ್ಮಿಯಾಗೋದು. ಮೂರು ನಾಲ್ಕು ವಾರ ಸುಮ್ಮನಿದ್ದ ಹೋರಿಯ ಮೊದಲ ಹಾರಿಕೆಯಲ್ಲಿ ಹಳೇ ವೀರ್ಯವೇ ಜಾಸ್ತಿ. ಅದಕ್ಕೇ ಅದೇ ಹಸುವಿಗೆ ಬೆಳಗ್ಗೆ ಒಂದು, ಸಂಜೆ ಒಂದು ಸಲ ಹಾರಿಸ್ತೀನಿ. 4 ಹಲ್ಲಾಗುವ ತನಕ ವಾರಕ್ಕೆ ಎರಡು ದಾಟಬಾರದು. ಜಾಗ ಮಣ್ಣಿನದಿರಲಿ, ಸಿಮೆಂಟ್ ಮೇಲೆ ಒಮ್ಮೆ ಜಾರಿದ ಹೋರಿ ಆಮೇಲೆ ಹಿಂಜರಿಯುತ್ತೆ. ಕಡಸು ಕುಳ್ಳಗಿದ್ದರೆ ಅದನ್ನು ದಿಬ್ಬದ ಮೇಲೆ ನಿಲ್ಲಿಸಬೇಕು. ಹಿಂಜರಿಯುವ ಹೋರಿಯನ್ನು ಎಬ್ಬಿಸೋಕೆ ಒಂದು ಉಪಾಯ ಇದೆ, ಬರೆದರೆ ದುರುಪಯೋಗವಾಗುತ್ತೆ.

ಬಯಲಲ್ಲಿ ಬಿಟ್ಟಾಗ ಯಾವ ಹಸು ಹಾರಿಸಿಕೊಂಡಿತು ತಿಳಿಯೋಕೆ ಕೆಮ್ಮಣ್ಣನ್ನು ಹರಳೆಣ್ಣೆಯಲ್ಲಿ ಕಲಸಿ ಹೋರಿಯ ಎದೆಗೆ ಬಳಿದೆ. ಹಸುವಿನ ಬೆನ್ನ ಮೇಲೆ ಗುರುತು ಬೀಳುತ್ತೆ, ಕಪಿಲೆ (ಕೆಂಗಂದು ಬಣ್ಣದ) ಹಸುವಾದರೆ ಕಾಣಲ್ಲ. ಮಳೆಗಾಲದಲ್ಲಿ ಕೆಲಸಕ್ಕೆ ಬರಲ್ಲ.

ದುಡ್ಡಿನ ಲೆಕ್ಕ ನೆನಪಿನಿಂದ: ಮೇವು, ಔಷಧಿ ದಿನಕ್ಕೆ 140–150 ರೂಪಾಯಿ, ವರ್ಷಕ್ಕೆ 52–53 ಸಾವಿರ. ಹೊರಗಿನ ಹಸುವಿಗೆ 400 ರೂಪಾಯಿಯಂತೆ ವರ್ಷಕ್ಕೆ ಸುಮಾರು 15 ಸಾವಿರ ಬರುತ್ತೆ. ಕಂದು ಹಾಕಿದ (ಗಬ್ಬ ಇಳಿದ) ಹಸು, ರಕ್ತ ಪರೀಕ್ಷೆ ಇಲ್ಲದ ಹಸು ಯಾರದ್ದಾದರೂ ಸೇರಿಸಲ್ಲ. ಅಂತರ ಇಳಿದಿದ್ದಕ್ಕೆ ವರ್ಷಕ್ಕೆ ಮೂರು ಕರು ಹೆಚ್ಚು, ಅದು 40–45 ಸಾವಿರ. ಅಲ್ಲಿಗೆ ಖರ್ಚು ಹುಟ್ಟಿ ಒಂದಿಷ್ಟು ಮಿಗುತ್ತೆ. ನೇಗಿಲು, ಗಾಡಿಗೆ ಮೊದಲೇ ಪಳಗಿಸಿದ್ದರಿಂದ ಬಾಡಿಗೆ ಬೇರೆ. ಮೈ ಬಗ್ಗಿದ ಹೋರಿ ಹಾಯೋದೂ ಕಮ್ಮಿ. ಆದರೂ ಮೂಗುದಾರಕ್ಕೆ ಎರಡು ಹಗ್ಗ, ಇಬ್ಬರು ಆಳು, ಇದರಲ್ಲಿ ರಿಯಾಯಿತಿ ಇಲ್ಲ.

ಮೊದಲ ಹೆಣ್ಣು ಕರುಗಳು ಬೆದೆಗೆ ಬರುವ ಮುಂಚೆ, ಅಂದರೆ ಹಾರಿಸಲು ಶುರುಮಾಡಿ ಮೂರು ವರ್ಷದೊಳಗೆ, ಹೋರಿ ಮನೆ ಬಿಡಬೇಕು. ನಾವು ಬೇರೆ ಬೇರೆ ಊರಿನ ಮೂರು ಮನೆಯವರು ಹೋರಿ ಅದಲುಬದಲು ಮಾಡ್ಕೊಳ್ತೀವಿ, ಪ್ರತಿ ಸಲ ರಕ್ತ ಪರೀಕ್ಷೆ ಮಾಡಿಸಿಯೇ. ಒಂದು ಹೋರಿ ಮೂರು ಮನೆಗೂ ಸುತ್ತಿ ಬರಲಿ ಅಂತ ಕಾಯೋದು ಬೇಡ, ಎರಡನೇ ಮನೆ ಮುಗಿಯುವಾಗ ಬೀಜ ಒಡೆಸಿ ಎತ್ತಾಗಿ ಮಾರಬೇಕು. 2020ರ ಗೋಹತ್ಯೆ ನಿಷೇಧ ಕಾಯ್ದೆಯಾದ ಮೇಲೆ ಮುದಿ ಹೋರಿ ಕೇಳುವವರಿಲ್ಲ, ಗೇಯುವ ಎತ್ತಿಗೆ ಗಿರಾಕಿ ಇದ್ದೇ ಇದ್ದಾರೆ.