ಮತ್ತೆ ಮತ್ತೆ ವಾರ್ಡಿಗೆ ಬರುವ ಪುಟ್ಟ ಮಕ್ಕಳು: ನನ್ನ ಅನುಭವ

ಕೊಡಗಿನಲ್ಲಿ ಮಕ್ಕಳ ವೈದ್ಯನಾಗಿ ದುಡಿಯುವಾಗ, ವಾರ್ಡಿನ ಹಾಸಿಗೆಗಳು ಮತ್ತೆ ಮತ್ತೆ ಅವೇ ಕೆಲವು ಮಕ್ಕಳಿಂದ ತುಂಬುವುದನ್ನು ಕಂಡೆ. ಹುಟ್ಟಿನಿಂದ ಬಂದ ಹೃದಯದ ದೋಷ, ತೀವ್ರ ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಕೈಕಾಲು ಹತೋಟಿ ತಪ್ಪುವ ಸ್ಥಿತಿ), ಹತೋಟಿಗೆ ಬಾರದ ಫಿಟ್ಸ್ ಮುಂತಾದ, ಕನಿಷ್ಠ ಒಂದು ವರ್ಷ ಉಳಿಯುವ ಮತ್ತು ದೊಡ್ಡ ಆಸ್ಪತ್ರೆಯ ತಜ್ಞರ ಆರೈಕೆ ಬೇಕಾಗುವ ಕಾಯಿಲೆಗಳು ಇವರದು. ಅಮೆರಿಕದ 2006ರ ಲೆಕ್ಕದಲ್ಲಿ ಮಕ್ಕಳ ಆಸ್ಪತ್ರೆ ದಾಖಲಾತಿಗಳಲ್ಲಿ ಇಂಥವರ ಪಾಲು ಸುಮಾರು ಶೇ 10, ವೆಚ್ಚದಲ್ಲಿ ಸುಮಾರು ಶೇ 40.

ಪ್ರತಿ ಬಾರಿ ಮಗು ದಾಖಲಾದಾಗಲೂ ಹಿಂದಿನ ವಾರ ಮನೆಯಲ್ಲಿ ಏನಾಯಿತೆಂದು ತಾಯಿಯನ್ನು ವಿವರವಾಗಿ ಕೇಳತೊಡಗಿದೆ. ಮೂಲ ಕಾಯಿಲೆ ಉಲ್ಬಣಿಸಿದ್ದಕ್ಕಿಂತ ಹೆಚ್ಚಾಗಿ, ಮಳೆಯಲ್ಲಿ ಬಸ್ಸು ಸಿಗದೆ ಫಿಟ್ಸ್ ತಡೆಯುವ ವಾಲ್ಪ್ರೊಯೇಟ್ ಸಿರಪ್ ಮುಗಿದುಹೋಗಿರುತ್ತಿತ್ತು, ಇಲ್ಲವೆ ಮಲಗಿಸಿಕೊಂಡೇ ಕುಡಿಸಿದ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿರುತ್ತಿತ್ತು. ತೋಟದ ಲೈನ್ ಮನೆಯಲ್ಲಿರುವ ಪೋಷಕರಿಗೆ ಪಟ್ಟಣಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಔಷಧಿ ತಪ್ಪಿದ್ದಕ್ಕೆ ಅವರನ್ನು ಗದರುವುದು ನ್ಯಾಯವಲ್ಲವೆಂದು ನನ್ನ ನಂಬಿಕೆ.

ಆದ್ದರಿಂದ ಮೇ ತಿಂಗಳಲ್ಲೇ ಮಳೆಗಾಲಕ್ಕೆ ಬೇಕಾಗುವ ಔಷಧಿಯನ್ನು ಕೊಟ್ಟು ಕಳುಹಿಸುತ್ತೇನೆ, ಏಕೆಂದರೆ ಫಿಟ್ಸ್‌ನ ಔಷಧಿ ಹಠಾತ್ತನೆ ನಿಂತರೆ ನಿಲ್ಲದ ಫಿಟ್ಸ್ ಬರಬಹುದು. ಮಗುವಿನ ತಲೆ ಮತ್ತು ಎದೆಯನ್ನು ಎತ್ತರಿಸಿ ಹಿಡಿದು ಹಾಲು ಕೊಡುವುದನ್ನು, ಕೊಟ್ಟ ಮೇಲೆ ಅರ್ಧ ಗಂಟೆ ಹಾಗೆಯೇ ಇರಿಸುವುದನ್ನು ನಾವು ಬರೀ ಬಾಯಲ್ಲಿ ಹೇಳಿ ಸುಮ್ಮನಾಗುವುದಿಲ್ಲ; ಬಿಡುಗಡೆಗೆ ಮೊದಲು ತಾಯಿಯೇ ನರ್ಸಿನ ಎದುರು ಮಾಡಿ ತೋರಿಸಬೇಕು. ತಮಿಳು, ಮಲಯಾಳ, ಅಸ್ಸಾಮಿ ಮನೆಮಾತಿನ ಕುಟುಂಬಗಳಿಗೆ ಸಿರಿಂಜಿನ ಮೇಲೆ ಬಣ್ಣದ ಟೇಪು ಅಂಟಿಸಿ ಔಷಧಿಯ ಅಳತೆ ಗುರುತಿಸಿಕೊಡುತ್ತೇವೆ.

ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಒಂದು ಪುಟದ ಆರೈಕೆ ಚೀಟಿ. ಕಾಯಿಲೆಯ ಹೆಸರು, ಇತ್ತೀಚಿನ ತೂಕ, ಔಷಧಿಗಳ ಪ್ರಮಾಣ, ಫಿಟ್ಸ್ 5 ನಿಮಿಷ ದಾಟಿದರೆ ಮೂಗಿಗೆ ಹಾಕಬೇಕಾದ ಮಿಡಾಜೋಲಮ್ ಸ್ಪ್ರೇಯ ಲೆಕ್ಕ, ನಮ್ಮ ಫೋನ್ ಸಂಖ್ಯೆ ಇಷ್ಟೂ ಅದರಲ್ಲಿರುತ್ತವೆ. ಮಗುವನ್ನು ಎಂದೂ ಕಂಡಿರದ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರು ಅದನ್ನು ನೋಡಿ ಕೂಡಲೇ ಚಿಕಿತ್ಸೆ ಶುರುಮಾಡಬಲ್ಲರು. ಮಗುವಿನ ತೂಕ ಹೆಚ್ಚಿದಂತೆ ಔಷಧಿಯ ಪ್ರಮಾಣವೂ ಬದಲಾಗುವುದರಿಂದ, ಆಶಾ ಕಾರ್ಯಕರ್ತೆಯರು ಅಂಗನವಾಡಿಯಲ್ಲಿ ತೂಕ ನೋಡಿ ನಮಗೆ ತಿಳಿಸುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಗುರುತಿಸಿದ ಮಕ್ಕಳಿಗೂ ಇದೇ ಚೀಟಿ ಕೊಡುತ್ತೇವೆ.

ದಾಖಲಾತಿ ತಗ್ಗಬೇಕೆಂಬ ಹಟ ನನಗಿಲ್ಲ. ಹೃದಯದಲ್ಲಿ ದೊಡ್ಡ ರಂಧ್ರವಿರುವ ಕೂಸು ಏದುಸಿರು ಬಿಡುತ್ತಾ, ಹಾಲು ಬಿಟ್ಟರೆ ಅದೇ ದಿನ ಆಸ್ಪತ್ರೆಗೆ ಬರಲೇಬೇಕು. ಆ ಲಕ್ಷಣಗಳನ್ನು ಚೀಟಿಯ ತಲೆಯಲ್ಲೇ ಕೆಂಪು ಶಾಯಿಯಲ್ಲಿ ಬರೆದಿರುತ್ತೇವೆ.