ಮೂರು ಮಾರು ಉದ್ದ, ಸೊಂಟಕ್ಕೆ ತಕ್ಕ ಅಗಲ: ಕಯಾಕನ್ನು ಮೈ ಅಳತೆಗೆ ಮಾಡಿದ್ದು

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ, ಇಳಿತದ ನೀರು ಹೊರಗೆ ಓಡುವಾಗ ಮಧ್ಯಾಹ್ನದ ಪಡುಗಾಳಿ ಎದುರಾದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಅಂಥ ನೀರಲ್ಲಿ ದೋಣಿ ಸೊಂಟದ ಮಾತು ಕೇಳಬೇಕು. ಕಯಾಕ್ ಅಂದರೆ ಒಬ್ಬರು ಕಾಲು ಚಾಚಿ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ. ಬಾಡಿಗೆಯ ಪ್ಲಾಸ್ಟಿಕ್ ಕಯಾಕ್ ಎಲ್ಲರಿಗೂ ಆಗಲಿ ಅಂತ ಮಾಡಿದ್ದು. ನಾನು 5 ಅಡಿ 4 ಇಂಚು, 60 ಕಿಲೋ. ಅದರೊಳಗೆ ನನ್ನ ತೊಡೆ ಎಲ್ಲೂ ತಾಗುವುದಿಲ್ಲ. ನಾನು ವಾಲಿದರೂ ದೋಣಿ ತನ್ನ ಪಾಡಿಗೆ ಇರುತ್ತದೆ.

ಅದಕ್ಕೇ ಮರದ ಹಂದರಕ್ಕೆ ಬಟ್ಟೆ ಹೊದಿಸುವ ಗ್ರೀನ್‌ಲ್ಯಾಂಡ್ ಮಾದರಿಯನ್ನು ಆರಿಸಿಕೊಂಡೆ. ಅಲ್ಲಿನ ಬೇಟೆಗಾರರು ಸಮುದ್ರದಲ್ಲಿ ತೇಲಿಬಂದ ಮರ ಮತ್ತು ಸೀಲ್ ಚರ್ಮದಿಂದ ಕಯಾಕ್ ಮಾಡುತ್ತಿದ್ದರು. ಅಳತೆಯೆಲ್ಲ ಕೂರುವವನ ಮೈಯಿಂದಲೇ. ನನಗೆ ಮರಗೆಲಸಕ್ಕೆ ಸಿಕ್ಕ ಆಚಾರ್ರು ಮೊದಲ ದಿನವೇ ಕೇಳಿದರು, "ನಕ್ಷೆ ಎಲ್ಲಿ ತಮಾ?" ನಾನು ಎರಡೂ ಕೈ ಚಾಚಿ ನಿಂತೆ. ಅವರು ನಕ್ಕು ಟೇಪು ತೆಗೆದರು.

ಉದ್ದಕ್ಕೆ ಮೂರು ಮಾರು. ಎರಡೂ ಕೈ ಚಾಚಿದಾಗ ಬೆರಳ ತುದಿಯಿಂದ ತುದಿಗೆ ಒಂದು ಮಾರು. ನನ್ನ ಮಾರು 64 ಇಂಚು, ಹಾಗಾಗಿ ದೋಣಿ 16 ಅಡಿ. ಇದರಲ್ಲಿ ಅರ್ಧ ಅಡಿ ಹೆಚ್ಚುಕಡಿಮೆ ಆದರೂ ತೊಂದರೆಯಿಲ್ಲ. ಸಾಗುವಾನಿಯ ಗಂಟಿಲ್ಲದ ಪಟ್ಟಿ ಎಷ್ಟು ಉದ್ದ ಸಿಗುತ್ತದೋ ಅದನ್ನೂ ನೋಡಬೇಕಲ್ವಾ?

ಅಗಲದಲ್ಲಿ ಮಾತ್ರ ರಾಜಿ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲಿ ಕಾಲು ಚಾಚಿ ಕೂತು, ಸೊಂಟದ ಎರಡೂ ಬದಿಗೆ ಹಲಗೆ ತಾಗಿಸಿ ನಡುವಿನ ಅಂತರ ಅಳೆಯಬೇಕು. ನನಗೆ 14 ಇಂಚು ಬಂತು. ಅದಕ್ಕೆ ಎರಡು ಮುಷ್ಟಿ ಸೇರಿಸಿದರೆ 21. ಇದು ದೋಣಿಯ ಅತಿ ಅಗಲದ ಜಾಗದಲ್ಲಿ, ಹೊರಗಿಂದ ಹೊರಗೆ. ಹೊನ್ನಾವರದ ಗೆಳೆಯನ ಸೊಂಟ 16, ಮುಷ್ಟಿ ತಲಾ 4, ಅವನಿಗೆ 24 ಆಯಿತು. ಅವನ ದೋಣಿಯಲ್ಲಿ ನಾನು ಕೂತರೆ ಮತ್ತೆ ಬಾಡಿಗೆ ಕಯಾಕಿನ ಕಥೆಯೇ. ಅಡ್ಡಪಟ್ಟಿಗಳನ್ನು ಅಂಚುಪಟ್ಟಿಗೆ, ಅಂದರೆ ದೋಣಿಯ ಎರಡೂ ಬದಿಯ ಮೇಲಂಚಿನ ಉದ್ದ ಪಟ್ಟಿಗೆ, ಗೂಟ ಹೊಡೆದು ಕೂರಿಸಿದ ಮೇಲೆ ಅಗಲ ಬದಲಿಸಲು ಆಗುವುದಿಲ್ಲ. ಮೊದಲು ಹಗ್ಗದಲ್ಲಿ ಬಿಗಿದು, ನಡುವೆ ಕೂತು ನೋಡಿಯೇ ಗೂಟ ಹೊಡೆಯಿರಿ.

ಆಳಕ್ಕೆ ಲೆಕ್ಕ: ಮುಷ್ಟಿ ಕಟ್ಟಿ ಹೆಬ್ಬೆರಳು ಮೇಲಕ್ಕೆ ಚಾಚಿದಷ್ಟು. ಬೆನ್ನ ಹಿಂದಿನ ಅಡ್ಡಪಟ್ಟಿಯ ಹತ್ತಿರ ತಳದಿಂದ ಅಂಚಿಗೆ ನನಗೆ ಆರೂವರೆ ಇಂಚು. ಟೆಂಟು, ಅಡುಗೆ ಸಾಮಾನು ಒಯ್ಯುವವರು ಒಂದಿಂಚು ಜಾಸ್ತಿ ಇಡಲಿ. ನಾನು ಬೆಳಿಗ್ಗೆ ಹೋಗಿ ಬಿಸಿಲೇರುವ ಮುಂಚೆ ದಡಕ್ಕೆ ಬರುವವನು, ನನಗೆ ಬೇಡ. ದೋಣಿ ಎತ್ತರವಾದಷ್ಟೂ ಗಾಳಿ ಹಿಡಿಯುತ್ತದೆ, ಹುಟ್ಟು ಹಾಕುವಾಗ ಕೈಯನ್ನೂ ಮೇಲೆತ್ತಬೇಕಾಗುತ್ತದೆ. ಈ ಆಳ ಕೊಡುವುದು ಹಬೆಯಲ್ಲಿ ಬಾಗಿಸುವ ಪಕ್ಕೆಪಟ್ಟಿಗಳು. ಅವನ್ನು ಕತ್ತರಿಸುವ ಮುಂಚೆ ಕರೆಂಟ್ ಕೆಲಸದ ಪ್ಲಾಸ್ಟಿಕ್ ವೈರಿಂಗ್ ಪಟ್ಟಿಯನ್ನು ಎರಡೂ ಅಂಚಿನ ತೂತಿಗೆ ಸಿಕ್ಕಿಸಿ ಬಾಗಿಸಿ ನೋಡಿದೆ. ಎಷ್ಟುದ್ದ ಬೇಕು ಅಂತ ಕಣ್ಣಿಗೇ ಕಾಣುತ್ತದೆ, ಮರವೂ ಹಾಳಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ತೊಡೆಯ ಮೇಲೆ ಬರುವ ಕಮಾನಿಗೆ. ದೋಣಿಯನ್ನು ಹಿಡಿಯುವುದು, ಮಗುಚಿದರೆ ಹುಟ್ಟಿನಿಂದ ತಿರುಗಿ ಏಳುವುದು ಎಲ್ಲ ಅದರ ಆಸರೆಯಲ್ಲೇ. ಹಂದರದೊಳಗೆ ಕೂತು, ಹಿಮ್ಮಡಿ ಒಳಗೆ, ಬೆರಳು ಹೊರಗೆ ಮಾಡಿ ಪಾದ ಇಟ್ಟು, ಕಮಾನನ್ನು ಮಂಡಿಯಿಂದ ಸ್ವಲ್ಪ ಹಿಂದೆ ತೊಡೆಯ ಮೇಲೆ ಇಟ್ಟೆ. ಕಾಲು ಸಡಿಲ ಬಿಟ್ಟಾಗ ತೊಡೆಗೂ ಕಮಾನಿಗೂ ನಡುವೆ ಬೆರಳು ಹೋಗಬೇಕು, ಪಾದ ಒತ್ತಿದ ಕೂಡಲೇ ತೊಡೆ ತಾಗಬೇಕು. ಲೈಫ್ ಜಾಕೆಟ್ ಹಾಕಿಕೊಂಡೇ ಇದನ್ನು ನೋಡಿ. ಕೂರುವ ಬಾಯಿಯಿಂದ ಒಂದೇ ಜಾರಿಗೆ ಹೊರಗೆ ಬರಲು ಆಗದಿದ್ದರೆ ಬಾಯಿ ದೊಡ್ಡದು ಮಾಡಲೇಬೇಕು, ಅದರಲ್ಲಿ ಹಟ ಬೇಡ. ಬಟ್ಟೆ ಹೊಲಿದ ಮೇಲೆ ಸೊಂಟದುದ್ದ ನೀರಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಬೇಕಂತಲೇ ಮಗುಚಿ ಹೊರಗೆ ಬರುವುದನ್ನು ರೂಢಿ ಮಾಡಿಕೊಂಡೆ.

ಬಟ್ಟೆಯ ವಿಷಯ ಒಂದೇ ಮಾತು: ನೈಲಾನ್ ನೆನೆದಾಗ ಸಡಿಲವಾಗುತ್ತದೆ. ನಮ್ಮ ಕರಾವಳಿಯ ಹವೆಗೆ ಪಾಲಿಯೆಸ್ಟರ್ ವಾಸಿ. ಬಣ್ಣವನ್ನು ಮಳೆಗಾಲ ಮುಗಿದ ಮೇಲೆ ಬಳಿಯಿರಿ.

ಹುಟ್ಟಿಗೂ ಮೈಯೇ ಅಳತೆ. ಒಂದು ಮಾರು, ಒಂದು ಮೊಳ. ನನಗೆ 81 ಇಂಚು. ನಡುವಿನ ಹಿಡಿಯ ಭಾಗ ಭುಜದಷ್ಟು. ಅಲಗಿನ ಅಗಲ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಡಿದರೆ ಜಾರದಷ್ಟು, ನನ್ನ ಕೈಗೆ ಮೂರೂಕಾಲು ಇಂಚು. ಅಲೆ ಬದಿಯಿಂದ ಬಂದಾಗ ಹುಟ್ಟನ್ನು ಪಕ್ಕಕ್ಕೆ ಜಾರಿಸಿ ಅಲಗಿನ ತುದಿಯನ್ನೇ ಹಿಡಿದು ಉದ್ದಕ್ಕೆ ಚಾಚುತ್ತೇವೆ. ಒದ್ದೆ ಕೈಯಲ್ಲೂ ಆ ಹಿಡಿತ ಸಿಗಬೇಕು. ಹಾಗಾಗಿ ಅಲಗನ್ನು ಒಂಚೂರು ಅಗಲ ಬಿಟ್ಟು, ನೀರಲ್ಲಿ ಹಿಡಿದು ನೋಡುತ್ತ ಕೀಸುಳಿಯಲ್ಲಿ ಇಳಿಸಿಕೊಳ್ಳಿ.